ಸಾಕುವ ಕೈಗೆ ಜೊತೆಯಾಗೋಣ

ಶ್ರೀರಾಮನಗರದ ಹಿರಿಯರೇ, ತಾಯಂದಿರೇ, ಗಂಗಾವತಿ ಸೀಮೆಯ ಕ್ಯಾಂಪುಗಳ ಬಂಧುಗಳೇ,

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಬೆಳೆದ ಸೀಮೆ ಇದು. ಆಂಧ್ರದಿಂದ ಬಂದವರು, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕೂಲಿಗೆ ಬಂದವರು, ಎಲ್ಲರಿಗೂ ಇಲ್ಲಿ ಜಾಗ ಸಿಕ್ಕಿದೆ. ಹಾಗೆಂದೇ ಈ ಮಾತನ್ನು ಮೊದಲು ನಿಮ್ಮ ಮುಂದೆ ಇಡುತ್ತಿದ್ದೇನೆ. ಹೆತ್ತವರನ್ನು ಕಳೆದುಕೊಂಡ, ಇಲ್ಲವೇ ಹೆತ್ತವರು ಗುಳೆ ಹೋದಾಗ ಹಿಂದೆ ಉಳಿದ ಚಿಕ್ಕ ಮಕ್ಕಳು ನಮ್ಮ ಕೊಪ್ಪಳ ಜಿಲ್ಲೆಯಲ್ಲಿದ್ದಾರೆ. ಅಜ್ಜಿ, ದೊಡ್ಡವ್ವ, ಸೋದರಮಾವ, ಕೆಲವೊಮ್ಮೆ ನೆರೆಮನೆಯವರು ಅವರನ್ನು ಸಾಕುತ್ತಿದ್ದಾರೆ. "ಪುಣ್ಯಾ ಬರ್ತದ ಬಿಡವ್ವ" ಎಂದು ಹೇಳಿ ನಾವು ಮುಂದೆ ಹೋಗುತ್ತೇವೆ. ಆ ಮಾತಿನಿಂದ ಸಾಕುವವಳ ಒಂದು ರಾತ್ರಿಯೂ ಹಗುರಾಗುವುದಿಲ್ಲ.

ಅಂಥ ಮನೆಯೊಳಗೆ ಇಣುಕಿ ನೋಡಿ. ಮೂರು ವರ್ಷದ ಕೂಸು ಹೊಟ್ಟೆ ತುಂಬ ಉಂಡ ಮೇಲೂ ಅರ್ಧ ರೊಟ್ಟಿಯನ್ನು ಕೌದಿಯ ಕೆಳಗೆ ಬಚ್ಚಿಡುತ್ತದೆ. ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿದರೂ ಅಳುವುದಿಲ್ಲ. ಎತ್ತಿಕೊಳ್ಳಲು ಹೋದರೆ ಮೈ ಸೆಟೆಸಿ ದೂಡುತ್ತದೆ. ನಡುರಾತ್ರಿ ಎದ್ದು ಚೀರುತ್ತದೆ. ತಿಂಗಳುಗಟ್ಟಲೆ ಸಹಿಸಿದ ದೊಡ್ಡವ್ವ ಕೊನೆಗೆ, "ಎಷ್ಟ್ ಮಾಡಿದ್ರೂ ಇದು ನನಗ ಹೊಂದವಲ್ದು" ಎಂದು ಕೈಚೆಲ್ಲುತ್ತಾಳೆ. ನಂಬಿದ ಮಡಿಲು ಒಮ್ಮೆ ಇಲ್ಲವಾದದ್ದನ್ನು ಕಂಡ ಮಗುವಿಗೆ ಇನ್ನೊಂದು ಮಡಿಲನ್ನು ನಂಬಲು ಭಯ. ಆ ಭಯ ನಮ್ಮ ಕಣ್ಣಿಗೆ ಹಟದಂತೆ ಕಾಣುತ್ತದೆ.

ಸಾಕುಕುಟುಂಬಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಡೋಝಿಯರ್ ಕಂಡದ್ದೂ ಇದೇ: ಮಗು ಮುಖ ತಿರುಗಿಸಿದರೆ ಸಾಕುವವರೂ ಹಿಂದೆ ಸರಿದುಬಿಡುತ್ತಾರೆ. ಅವರು ರೂಪಿಸಿದ ತರಬೇತಿಯಲ್ಲಿ ತಿಳಿದವರೊಬ್ಬರು ಹತ್ತು ಸಲ ಮನೆಗೇ ಬಂದು ಕೂರುತ್ತಾರೆ. ಮಗು ದೂಡಿದರೂ ಪಕ್ಕದಲ್ಲೇ ಇರಿ, ಆಟದಲ್ಲಿ ಅದು ಹೋದ ಕಡೆ ನೀವು ಹೋಗಿ, ಎಂದೂ ಹೆದರಿಸಬೇಡಿ ಎಂದು ಕಲಿಸಿಕೊಡುತ್ತಾರೆ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಕೊಟ್ಟು, ಆ ಕುಟುಂಬಗಳ ಬೆನ್ನಿಗೆ ಸಮಾಜಕಾರ್ಯಕರ್ತರನ್ನು ನಿಲ್ಲಿಸಿ, ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಮಕ್ಕಳು ಸಾಕುವವರನ್ನು ಹೆಚ್ಚು ಗಟ್ಟಿಯಾಗಿ ನಂಬಿದರು.

ಎರಡು ವರ್ಷ! ನಮ್ಮ ವ್ಯವಸ್ಥೆಯ ಕಣ್ಣು ಎಲ್ಲಿದೆ? 2015ರ ಬಾಲನ್ಯಾಯ ಕಾಯ್ದೆ ಪೋಷಕತ್ವಕ್ಕೆ, ಅಂದರೆ ಮಗುವನ್ನು ಸಾಕುಕುಟುಂಬದಲ್ಲಿ ಬೆಳೆಸುವುದಕ್ಕೆ, ದಾರಿ ಮಾಡಿದೆ. ಒಡಹುಟ್ಟಿದವರನ್ನು ಆದಷ್ಟು ಒಂದೇ ಮನೆಯಲ್ಲಿ ಇಡಬೇಕು, ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೊಮ್ಮೆ ಸಾಕುಕುಟುಂಬವನ್ನು ಪರಿಶೀಲಿಸಬೇಕು ಎಂದು ಅದು ಹೇಳುತ್ತದೆ. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಬಂಧುಗಳ ಮನೆಯಲ್ಲಿರುವ ಅನಾಥ ಮಗುವಿಗೂ ಪ್ರಾಯೋಜಕತ್ವದ ಹೆಸರಿನಲ್ಲಿ ಈ ನೆರವು ಸಿಗಬಹುದು. ಆದರೆ 2024ರ ಮಾದರಿ ಮಾರ್ಗಸೂಚಿ ಪೋಷಕತ್ವಕ್ಕೆ ನೋಡುವುದು ಮುಖ್ಯವಾಗಿ ಆರು ವರ್ಷ ದಾಟಿದ ಮಕ್ಕಳನ್ನು. ಅದಕ್ಕಿಂತ ಚಿಕ್ಕವರು, ನಂಬಿಕೆ ಬೇರೂರುವ ವಯಸ್ಸಿನವರು, ಅಜ್ಜಿ, ದೊಡ್ಡವ್ವಂದಿರ ಬಳಿಯೇ ಇದ್ದಾರೆ. ಆ ಅಜ್ಜಿಗೆ ತರಬೇತಿ ಕೊಟ್ಟವರಿಲ್ಲ, ಹೇಗಿದ್ದೀ ಎಂದು ಕೇಳಿದವರೂ ಇಲ್ಲ. ಭತ್ತದ ಸಸಿ ಬೇರು ಹಿಡಿಯುವ ತನಕ ಮಡಿಯಲ್ಲಿ ನೀರು ಆರದಂತೆ ಕಾಯುವ ಜನ ನಾವು; ಈ ಮಕ್ಕಳ ವಿಷಯದಲ್ಲಿ ಮಾತ್ರ ನಾಟಿ ಮುಗಿದ ದಿನವೇ ಗದ್ದೆ ಬಿಟ್ಟು ಬರುತ್ತಿದ್ದೇವೆ.

ಸಾಕುತ್ತಿರುವ ತಾಯಂದಿರೇ, ಲಂಡನ್ನಿನ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿಯ ಕೆಲಸ ನಿಮಗೆ ಧೈರ್ಯ ಕೊಡಲಿ. 1960ರ ದಶಕದಲ್ಲಿ, ತಾಯಿ ಹೆರಿಗೆಗೆ ಆಸ್ಪತ್ರೆ ಸೇರಿದಾಗ ಒಂಟಿಯಾದ ಪುಟ್ಟ ಮಕ್ಕಳನ್ನು ಅವರು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಮೊದಲೇ ಮಗುವಿನ ಪರಿಚಯ ಮಾಡಿಕೊಂಡು ಅದರ ಊಟ, ನಿದ್ದೆಯ ರೂಢಿಗಳನ್ನು ತಿಳಿದುಕೊಂಡರು. ಅದರದೇ ಹೊದಿಕೆ, ಆಟಿಕೆ ತರಿಸಿಕೊಂಡರು. ತಾಯಿಯ ಫೋಟೊ ತೋರಿಸಿ ಆಕೆಯ ಸುದ್ದಿ ಮಾತಾಡಿದರು. ಆ ಮಕ್ಕಳು ತಡೆದುಕೊಂಡರು. ಆದರೆ ಹದಿನೇಳು ತಿಂಗಳ ಜಾನ್ ಎಂಬ ಮಗು ದಾದಿಯರು ಪಾಳಿ ಬದಲಿಸುವ ಶಿಶುಗೃಹದಲ್ಲಿ ಒಂಬತ್ತೇ ದಿನದಲ್ಲಿ ಕುಸಿದುಹೋಯಿತು. ತಾಯಿ ಬಂದಾಗ ಆಕೆಯ ಬಳಿಗೂ ಹೋಗಲಿಲ್ಲ. ಹಾಗಾಗಿ, ಮಗು ತಂದ ಹಳೆಯ ಕೌದಿಯನ್ನು ಬಂದ ದಿನವೇ ತೊಳೆಯಬೇಡಿ. ಅದರಲ್ಲಿ ತನ್ನ ಮನೆಯ ವಾಸನೆ ಇದೆ. ಅವ್ವನ ಹೆಸರು ಎತ್ತಲು ಅಂಜಬೇಡಿ. ನಿಮ್ಮದು ತೆಲುಗು ಮನೆಯಾಗಿದ್ದರೆ ಹಾಲಿಗೆ, ನಿದ್ದೆಗೆ ಮಗು ಹೇಳುವ ಕನ್ನಡದ ಮಾತನ್ನೇ ಮೊದಲು ಆಡಿ. ರೊಟ್ಟಿ ಬಚ್ಚಿಟ್ಟರೆ ಬೈಯಬೇಡಿ. ಕೈಗೆಟಕುವ ಕಡೆ ಒಂದು ರೊಟ್ಟಿ ಸದಾ ಇರಲಿ.

ನೆಂಟರೇ, ಎರಡು ತಿಂಗಳು ಕಾಕಾನ ಮನೆ, ಎರಡು ತಿಂಗಳು ಅತ್ತೆಯ ಮನೆ ಎಂದು ಮಗುವನ್ನು ಹಂಚಿಕೊಳ್ಳಬೇಡಿ. ಒಂದು ಮನೆ ಇರಲಿ, ರಾತ್ರಿ ಎದ್ದರೆ ಕಾಣುವ ಮುಖ ಒಂದೇ ಇರಲಿ. ನೆರೆಯವರೇ, "ನಿಮ್ಮವ್ವ ನಿನ್ನ ಬಿಟ್ಟು ಹೋದ್ಲಾ?", "ನಿನ್ನ ತಿಪ್ಪ್ಯಾಗಿಂದ ತಂದಾರ", "ಗಲಾಟಿ ಮಾಡಿದ್ರ ಹಾಸ್ಟೆಲ್‌ಗೆ ಹಾಕ್ತಾರ" ಎಂಬ ಮಾತುಗಳನ್ನು ಇಂದೇ ನಿಲ್ಲಿಸಿ. ನಿಮಗೆ ಅದು ತಮಾಷೆ. ಒಮ್ಮೆ ಬಿಟ್ಟುಹೋದದ್ದನ್ನು ಕಂಡ ಮಗುವಿಗೆ ಅದು ನಾಳೆಯ ಸುದ್ದಿ.

ಅಧಿಕಾರಿಗಳೇ, ತಿಂಗಳ ಪರಿಶೀಲನೆಗೆ ಹೋದಾಗ ಶೌಚಾಲಯ, ಹಾಜರಿ ಪುಸ್ತಕ ನೋಡಿ ಏಳಬೇಡಿ. ಅರ್ಧ ತಾಸು ನೆಲದ ಮೇಲೆ ಕೂತು, ನಿದ್ದೆ ಬರ್ತದೇನು ಎಂದು ಸಾಕುವವಳನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಕಷ್ಟದ ಮಕ್ಕಳ ಮನಸ್ಸಿಗಾಗಿಯೇ 'ಸಂವಾದ್' ಎಂಬ ಕಾರ್ಯಕ್ರಮವಿದೆ. ಆ ತಿಳಿವನ್ನು ಕೊಪ್ಪಳದ ಅಂಗನವಾಡಿ ಕಾರ್ಯಕರ್ತೆಯರಿಗೆ, 'ಕೂಸಿನ ಮನೆ' ಶಿಶುಪಾಲನಾ ಕೇಂದ್ರಗಳ ಆರೈಕೆದಾರರಿಗೆ, ಅವರ ಮೂಲಕ ಪ್ರತಿ ಅಜ್ಜಿಗೆ ಮುಟ್ಟಿಸಿ.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ರಸ್ತೆಯ ಮಾತಿನ ಜೊತೆಗೆ ಇದೂ ಬರಲಿ: ನಮ್ಮೂರಲ್ಲಿ ಹೆತ್ತವರಿಂದ ದೂರ ಬೆಳೆಯುತ್ತಿರುವ ಮಕ್ಕಳೆಷ್ಟು, ಅವರನ್ನು ಸಾಕುವವರು ಯಾರು, ಅವರಲ್ಲಿ ನೆರವು ಯಾರಿಗೆ ತಲುಪಿಲ್ಲ? ಪಟ್ಟಿ ಮಾಡಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಿ. ದಿಕ್ಕಿಲ್ಲದ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಪಟ್ಟಿಯ ಪ್ರತಿ ಮನೆಗೂ ಊರಿನ ಒಬ್ಬ ಹೆಣ್ಣುಮಗಳು ವಾರಕ್ಕೊಮ್ಮೆ ಹೋಗಿ ಕೂರುವಂತೆ ಹೊಣೆ ಹಂಚಿ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಮಗು ಸಾಕುವವಳನ್ನು ನಂಬಬೇಕಾದರೆ, ಮೊದಲು ಸಾಕುವವಳು ಊರನ್ನು ನಂಬುವಂತಾಗಬೇಕು. ಆ ನಂಬಿಕೆಯನ್ನು ನಾವು ಅವಳಿಗೆ ಕೊಡೋಣ, ಈ ವಾರದಿಂದಲೇ ಕೊಡೋಣ.