ಫೀಸಿನ ಹಣ ಎಲ್ಲಿಂದ ಬಂತು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದಲೇ ಮಾನ್ವಿ, ದೇವದುರ್ಗಗಳಿಂದ ರಾಯಚೂರಿಗೆ ಬರುವ ಬಸ್ಸುಗಳು ತುಂಬತೊಡಗುತ್ತವೆ. ಮಕ್ಕಳನ್ನು ಕಾಲೇಜಿಗೆ ಸೇರಿಸಲು ಹೊರಟ ತಂದೆ-ತಾಯಂದಿರ ಚೀಲದಲ್ಲಿ ಅಂಕಪಟ್ಟಿಯ ಜೊತೆ ಫೀಸಿನ ಹಣವೂ ಇರುತ್ತದೆ. ಅದೇ ಹೊತ್ತಿಗೆ ಚುನಾವಣೆಯೂ ಬಂದರೆ ಪೇಚು ಶುರುವಾಗುತ್ತದೆ. 2023ರಲ್ಲಿ ಫಲಿತಾಂಶ ಪ್ರಕಟವಾದದ್ದು ಮೇ 8ರಂದು, ವಿಧಾನಸಭೆಯ ಮತದಾನ ಮೇ 10ರಂದು. 2024ರಲ್ಲಿ ರಾಯಚೂರು ಲೋಕಸಭಾ ಕ್ಷೇತ್ರದ ಮತದಾನ ಮೇ 7ರಂದು, ಎಸ್ಸೆಸ್ಸೆಲ್ಸಿ ಫಲಿತಾಂಶ ಮೇ 9ರಂದು. ನೀತಿ ಸಂಹಿತೆ ಜಾರಿಯಲ್ಲಿರುವಾಗ ರಸ್ತೆಯ ಮೇಲೆ ಚೆಕ್‌ಪೋಸ್ಟ್‌ಗಳು ಇದ್ದೇ ಇರುತ್ತವೆ. 50 ಸಾವಿರ ರೂಪಾಯಿ ಮೀರಿದ ನಗದು ಕಂಡರೆ ಅಲ್ಲಿ ದಾಖಲೆ ಕೇಳುವುದು ವಾಡಿಕೆ.

ಮಾನ್ವಿ ತಾಲ್ಲೂಕಿನ ಒಬ್ಬ ರೈತರ ಉದಾಹರಣೆ ತೆಗೆದುಕೊಳ್ಳಬಹುದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ವರ್ಷ ಅದು. ಬೇಸಿಗೆ ಬೆಳೆಯ ನೆಲ್ಲು ಮಾರಿ 1 ಲಕ್ಷ 40 ಸಾವಿರ ಬಂದಿದೆ. ಹುಡುಗಿಯ ಸೋದರಮಾವ ದೇವದುರ್ಗದವರು, ಹತ್ತಿ ಮಾರಿದ ಹಣದಲ್ಲಿ 40 ಸಾವಿರ ಕೊಟ್ಟಿದ್ದಾರೆ. ತಂದೆ ಮಗಳು ಫೀಸು ಕಟ್ಟಲು ಹೊರಟಾಗ ವಾಹನ ನಿಲ್ಲುತ್ತದೆ.

‘ಈ ರೊಕ್ಕ ಎಲ್ಲೀದು?’

‘ನೆಲ್ಲು ಮಾರಿದ್ದು ರೀ ಸಾಹೇಬ್ರ, ಮಗಳ ಫೀಸಿಗೆ ಒಯ್ಯಾಕತ್ತೀನಿ.’

‘ಅದಕ್ಕ ಕಾಗದ ಏನೈತಿ?’

ರೈತರು ಹೇಳಿದ್ದು ನಿಜ, ಅಧಿಕಾರಿ ಕೇಳಿದ್ದೂ ತಪ್ಪಲ್ಲ. ಆದರೆ ಆ ನಿಜಕ್ಕೆ ಕೈಯಲ್ಲಿ ಆಧಾರವಿಲ್ಲ. ಹಣ ಅಲ್ಲೇ ಉಳಿದರೆ ಕಾಲೇಜಿನ ಕೊನೆಯ ದಿನಾಂಕ ದಾಟಿಹೋಗುತ್ತದೆ.

ಹೀಗಾದಾಗ ದಿಕ್ಕು ತೋಚದಂತೆ ಕೂರಬೇಕಾಗಿಲ್ಲ. ಚುನಾವಣಾ ಆಯೋಗ 2015ರಲ್ಲಿ ಹೊರಡಿಸಿದ ಸೂಚನೆಯಂತೆ ಪ್ರತಿ ಜಿಲ್ಲೆಯಲ್ಲೂ ಮೂವರು ಅಧಿಕಾರಿಗಳ ಸಮಿತಿ ಇರುತ್ತದೆ. ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಚುನಾವಣಾ ವೆಚ್ಚದ ನೋಡಲ್ ಅಧಿಕಾರಿ ಮತ್ತು ಜಿಲ್ಲಾ ಖಜಾನೆ ಅಧಿಕಾರಿ ಅದರ ಸದಸ್ಯರು. ಹಣಕ್ಕೂ ಯಾವ ಅಭ್ಯರ್ಥಿಗೂ ಪಕ್ಷಕ್ಕೂ ಸಂಬಂಧವಿಲ್ಲವೆಂದು ಕಂಡುಬಂದರೆ, ಪೊಲೀಸ್ ಮೊಕದ್ದಮೆ ದಾಖಲಾಗಿರದಿದ್ದರೆ, ಅದನ್ನು ಬಿಟ್ಟುಕೊಡಲು ಈ ಸಮಿತಿ ಆದೇಶಿಸುತ್ತದೆ. ಯಾರಿಗೆ, ಹೇಗೆ ಮನವಿ ಮಾಡಬೇಕೆಂಬುದನ್ನು ಜಪ್ತಿಯ ಕಾಗದದಲ್ಲೇ ಬರೆದುಕೊಡಬೇಕು. ಅದನ್ನು ಕೇಳಿ ಪಡೆಯುವುದು ಮೊದಲ ಕೆಲಸ.

ಎರಡನೆಯ ಕೆಲಸಕ್ಕೆ ಬಹಳ ಜನ ನೋಟರಿಯ ಬಳಿಗೆ ಓಡುತ್ತಾರೆ. ಅಫಿಡವಿಟ್ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ. ಇಲ್ಲೊಂದು ಗೊಂದಲವಿದೆ. ನಾಡಕಚೇರಿ ಕೊಡುವ ಆದಾಯದ ಕಾಗದಕ್ಕೂ ನೋಟರಿಯ ಮುಂದೆ ಮಾಡುವ ಅಫಿಡವಿಟ್‌ಗೂ ಕನ್ನಡದಲ್ಲಿ ಪ್ರಮಾಣ ಪತ್ರ ಎಂದೇ ಹೆಸರು. ಮೊದಲನೆಯದು ಅಧಿಕಾರಿಯ ಮಾತು. ಎರಡನೆಯದು ಬರೆದುಕೊಟ್ಟವರ ಸ್ವಂತ ಮಾತು. ನೋಟರಿಯ ಮುದ್ರೆ ಹೇಳುವುದು ಇಂಥವರು ತನ್ನೆದುರು ಪ್ರಮಾಣ ಮಾಡಿ ಸಹಿ ಹಾಕಿದರು ಎಂಬುದನ್ನು ಮಾತ್ರ. ಒಳಗೆ ಬರೆದದ್ದು ನಿಜವೆಂದು ಆ ಮುದ್ರೆ ಹೇಳುವುದಿಲ್ಲ.

ಹಾಗಾದರೆ ಅಫಿಡವಿಟ್‌ಗೆ ಬೆಲೆಯೇ ಇಲ್ಲವೆ? ಇದೆ. ಅದಕ್ಕೊಂದು ಹಳೆಯ ಮೊಕದ್ದಮೆ ಸಾಕ್ಷಿ. 1946ರ ಜನವರಿಯಲ್ಲಿ ಸರ್ಕಾರ 500, 1000 ಮತ್ತು 10,000 ರೂಪಾಯಿಯ ನೋಟುಗಳನ್ನು ರದ್ದು ಮಾಡಿತು. ಅಹಮದಾಬಾದಿನ ಮೆಹ್ತಾ ಪಾರೀಖ್ ಎಂಬ ಸಂಸ್ಥೆ ಸಾವಿರದ 61 ನೋಟುಗಳನ್ನು ಬದಲಾಯಿಸಿಕೊಂಡಿತು. ಇಷ್ಟು ಎಲ್ಲಿಂದ ಬಂದವು ಎಂದು ಆದಾಯ ತೆರಿಗೆಯವರು ಕೇಳಿದರು. ಸಂಸ್ಥೆ ತನ್ನ ಲೆಕ್ಕದ ಪುಸ್ತಕ ತೋರಿಸಿತು. ಆ ನೋಟುಗಳಲ್ಲಿ ಹಣ ಕೊಟ್ಟವರ ಅಫಿಡವಿಟ್‌ಗಳನ್ನೂ ಹಾಜರುಪಡಿಸಿತು. ನ್ಯಾಯಮಂಡಳಿ 31 ನೋಟುಗಳನ್ನು ಒಪ್ಪಿ 30ನ್ನು ತಳ್ಳಿಹಾಕಿತು. 1956ರಲ್ಲಿ ಸುಪ್ರೀಂ ಕೋರ್ಟು ಈ ತೀರ್ಮಾನವನ್ನು ಒಪ್ಪಲಿಲ್ಲ. ಲೆಕ್ಕದ ಪುಸ್ತಕದಲ್ಲಿ ದೋಷ ಕಂಡಿರಲಿಲ್ಲ. ಪ್ರಮಾಣ ಮಾಡಿದವರನ್ನು ಕರೆಸಿ ಪಾಟಿ ಸವಾಲನ್ನೂ ಮಾಡಿರಲಿಲ್ಲ. ಹಾಗಿರುವಾಗ ಬರಿಯ ಊಹೆಯಿಂದ ಅವರ ಮಾತನ್ನು ತೆಗೆದುಹಾಕುವಂತಿಲ್ಲ ಎಂದಿತು.

ಇದರಿಂದ ಕಲಿಯಬೇಕಾದದ್ದು ಎರಡು. ಅಫಿಡವಿಟ್ ನಿಂತದ್ದು ಅದರ ಹಿಂದೆ ಲೆಕ್ಕವಿದ್ದುದರಿಂದ. ಮತ್ತು ಹಣ ಕೊಟ್ಟವರೇ ಬಂದು ಪ್ರಮಾಣ ಮಾಡಿದ್ದರಿಂದ. ತಾನು ಕಣ್ಣಾರೆ ಬಲ್ಲದ್ದಕ್ಕೆ ಮಾತ್ರ ಒಬ್ಬರು ಪ್ರಮಾಣ ಮಾಡಬೇಕು. ಮಾನ್ವಿಯ ತಂದೆ ನೆಲ್ಲಿನ ಹಣದ ಬಗ್ಗೆ ಬರೆಯಬಹುದು. ಸೋದರಮಾವನ ಹತ್ತಿಯ ಹಣದ ಬಗ್ಗೆ ಸೋದರಮಾವನೇ ಬರೆಯಬೇಕು.

ಬರೆಯುವುದರಲ್ಲಿ ‘ಕೃಷಿಯಿಂದ ಬಂದ ಹಣ’ ಎಂಬ ಒಂದೇ ಸಾಲು ಸಾಲದು. ಎಷ್ಟು ಚೀಲ, ಯಾವ ದಿನ, ಯಾವ ಅಂಗಡಿಗೆ, ಯಾವ ದರಕ್ಕೆ ಮಾರಿದ್ದು ಎಂಬುದಿರಬೇಕು. ಜೊತೆಗೆ ಪಹಣಿ, ತೂಕದ ಚೀಟಿ, ಅಡತ್ ಅಂಗಡಿಯ ಪಟ್ಟಿ, ಪಾಸ್‌ಬುಕ್ಕಿನ ನಕಲು, ಕಾಲೇಜಿನ ಫೀಸಿನ ಚೀಟಿ ಇರಬೇಕು. ಮಾವ ಕೊಟ್ಟದ್ದು ಸಾಲವೋ ಉಡುಗೊರೆಯೋ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಸೋದರಮಾವ ಸೊಸೆಗೆ ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಸಾಲವಾದರೆ 20 ಸಾವಿರ ಮತ್ತು ಅದಕ್ಕಿಂತ ಹೆಚ್ಚಿನದನ್ನು ನಗದಾಗಿ ಪಡೆಯುವಂತಿಲ್ಲ. ಆದರೆ ಕೊಟ್ಟವರು, ಪಡೆದವರು ಇಬ್ಬರಿಗೂ ಕೃಷಿ ಆದಾಯವಿದ್ದು, ತೆರಿಗೆಗೆ ಒಳಪಡುವ ಬೇರೆ ಆದಾಯ ಇಬ್ಬರಿಗೂ ಇಲ್ಲದಿದ್ದರೆ ಈ ನಿರ್ಬಂಧವಿಲ್ಲ. ಒಬ್ಬರಿಂದ ಒಂದೇ ದಿನದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ 2017ರ ಏಪ್ರಿಲ್ 1ರಿಂದ ನಿಷೇಧವಿದೆ.

ಹಣ ಬಿಡಿಸಿಕೊಳ್ಳುವ ಆತುರದಲ್ಲಿ ಒಂದು ಸುಳ್ಳು ಸೇರಿಸಿದರೂ ಅಪಾಯ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಂತೆ, ನ್ಯಾಯಾಲಯದ ನಡಾವಳಿಯಲ್ಲಿ ಸುಳ್ಳು ಸಾಕ್ಷ್ಯ ಕೊಟ್ಟರೆ 7 ವರ್ಷದವರೆಗೆ, ಬೇರೆ ಸಂದರ್ಭಗಳಲ್ಲಿ 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ನೋಟರಿಯ ಅಂಗಡಿಯಲ್ಲಿ ಯಾರೋ ಟೈಪು ಮಾಡಿಟ್ಟ ಹಾಳೆಗೆ ಓದದೆ ಸಹಿ ಹಾಕುವವರು ಇದನ್ನು ನೆನಪಿಡಬೇಕು. ಓದು ಬಾರದ ತಂದೆ-ತಾಯಿಗೆ ಸಾಲು ಸಾಲಾಗಿ ಓದಿ ಹೇಳುವುದು ಶಾಲೆ ಕಲಿತ ಮಕ್ಕಳ ಕೆಲಸ.

ಸಾಮಾನ್ಯ ಜನರಿಗೆ ಮಾತ್ರ ಈ ನಿಯಮ ಎಂದು ಬೇಸರಪಡಬೇಕಾಗಿಲ್ಲ. ಚುನಾವಣೆಗೆ ನಿಲ್ಲುವವರು ತಮ್ಮ ಆಸ್ತಿಯ ಜೊತೆ ತಮ್ಮ, ಸಂಗಾತಿಯ ಹಾಗೂ ಅವಲಂಬಿತರ ಆದಾಯದ ಮೂಲವನ್ನೂ ಪ್ರಮಾಣ ಮಾಡಿ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ರಾಯಚೂರು ನಗರ, ದೇವದುರ್ಗ, ಮಾನ್ವಿ ಮೂರೂ ವಿಧಾನಸಭಾ ಕ್ಷೇತ್ರಗಳು. ಇಲ್ಲಿಯ ಅಭ್ಯರ್ಥಿಗಳ ಅಫಿಡವಿಟ್‌ಗಳನ್ನು ಯಾರು ಬೇಕಾದರೂ ಓದಬಹುದು. ಪೌರನೀತಿ ಓದುವ ವಿದ್ಯಾರ್ಥಿಗಳಿಗೆ ಅದೊಂದು ಒಳ್ಳೆಯ ಪಾಠ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ನೆಲ್ಲು ತೂಗಿದ ದಿನವೇ ಚೀಟಿಯನ್ನು ಕೇಳಿ ಪಡೆದು, ಮಗಳ ಅಂಕಪಟ್ಟಿ ಇಡುವ ಫೈಲಿನಲ್ಲೇ ಅದನ್ನೂ ಇಟ್ಟರೆ ಸಾಕು. ಮುಂದೆ ಬ್ಯಾಂಕಿನ ಸಾಲಕ್ಕೋ, ದೂರದ ಊರಿನ ಕಾಲೇಜಿಗೋ ಹೋದಾಗಲೂ ಇದೇ ಪ್ರಶ್ನೆ ಬರುತ್ತದೆ. ಆಗ ಆ ಫೈಲು ತೆರೆದರಾಯಿತು.