ಹಿಡಿದ ಕೆಲಸವನ್ನು ನಡುವೆ ಬಿಡಬೇಕಾದಾಗ

ಸರಕಾರದ ನೌಕರಿಯಲ್ಲಿರುವವನಿಗೆ ಮನೆಯಲ್ಲಿ ತೊಂದರೆಯೊದಗಿದರೆ ರಜೆಯೆಂಬುದೊಂದುಂಟು. ಚೀಟಿ ಬರೆದು ಕಳುಹಿಸಿದರೆ ಅವನ ಕುರ್ಚಿಯು ಅವನಿಗಾಗಿ ಕಾದಿರುತ್ತದೆ. ವ್ಯಾಪಾರಿಯಾದವನು ನಾಲ್ಕು ದಿನ ಅಂಗಡಿಯ ಬಾಗಿಲನ್ನೆಳೆದು ಹೋಗಬಹುದು. ಈ ಇಬ್ಬರ ಸಾಲಿಗೂ ಸೇರದ ಮೂರನೆಯ ವರ್ಗವೊಂದು ಈಗ ನಮ್ಮ ಹಳ್ಳಿಖೇಡದಂತಹ ಊರುಗಳಲ್ಲಿಯೂ ಬೆಳೆದಿದೆ. ಯಾರ ಸಂಬಳದ ಪಟ್ಟಿಯಲ್ಲಿಯೂ ಹೆಸರಿಲ್ಲದೆ, ಇಷ್ಟು ಕೆಲಸಕ್ಕೆ ಇಷ್ಟು ಹಣವೆಂದು ಒಪ್ಪಿಕೊಂಡು, ಮನೆಯಲ್ಲಿಯೇ ಕುಳಿತು ಹೈದರಾಬಾದಿನವರಿಗೋ ಪುಣೆಯವರಿಗೋ ಲೆಕ್ಕ ಬರೆದುಕೊಡುವವರು, ಭಾಷಾಂತರ ಮಾಡುವವರು, ಪುಸ್ತಕದ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುವವರು ಈ ವರ್ಗದವರು. ಪಟ್ಟಣದವರು ಇದನ್ನು ಫ್ರೀಲ್ಯಾನ್ಸ್ ಎನ್ನುತ್ತಾರೆ. ನಾವು ಬಿಡಿ ಗುತ್ತಿಗೆ ಎನ್ನೋಣ. ಇವರಿಗೆ ರಜೆಯೂ ಇಲ್ಲ, ಎಳೆದುಕೊಳ್ಳುವುದಕ್ಕೆ ಬಾಗಿಲೂ ಇಲ್ಲ. ಮನೆಗೆ ಕಷ್ಟ ಬಂದಾಗ ಇವರು ಹಿಡಿದ ಕೆಲಸವನ್ನು ಬಿಡಬಹುದೆ, ಬಿಡುವುದಾದರೆ ಹೇಗೆ, ಎಂಬುದನ್ನು ಈ ತಿಂಗಳು ವಿಚಾರಿಸಬೇಕೆಂದಿದ್ದೇನೆ.

ಪ್ರಶ್ನೆಯನ್ನು ಮುಂದಿಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ. ಹಿಂದಿಯ ಪುಸ್ತಕವೊಂದನ್ನು ಕನ್ನಡಿಸಿಕೊಡಲು ಪ್ರಕಾಶಕರೊಬ್ಬರಿಗೆ ಒಪ್ಪಿ, ಮೂರರಲ್ಲೊಂದು ಪಾಲು ಹಣವನ್ನು ಮುಂಗಡವಾಗಿ ಪಡೆದಿದ್ದಳು. ಹನ್ನೆರಡು ಅಧ್ಯಾಯಗಳಲ್ಲಿ ಐದು ಮುಗಿದಿರುವಾಗ ಅತ್ತೆಯವರು ಬಿದ್ದು ಸೊಂಟದ ಎಲುಬನ್ನು ಮುರಿದುಕೊಂಡರು. ಮನೆಯವರೆಲ್ಲರೂ ಒಂದೇ ಬಾಯಿಯಿಂದ “ಆಗೂದಿಲ್ಲ ಅಂತ ಹೇಳಿಬಿಡು” ಎಂದರು. “ಹೇಳೂದು ಸುಲಭ ಅದರಿ ಮಾಸ್ತರ, ತೊಗೊಂಡ ರೊಕ್ಕಕ್ಕ ಏನ್ ಹೇಳ್ಲಿ?” ಎಂಬುದು ಅವಳ ಚಿಂತೆ.

ಮನೆಯವರ ಆ ಮಾತಿನ ವಿಷಯದಲ್ಲಿ ಮೊದಲು ಒಂದು ಮಾತು. ಗುತ್ತಿಗೆಯು ಮಗನದಾಗಿದ್ದರೆ ಅವರು ಇಷ್ಟು ಬೇಗ ಹಾಗೆ ಹೇಳುತ್ತಿದ್ದರೆ? ಸೊಸೆಯು ಅಡಿಗೆಯ ಮನೆಯ ಪಕ್ಕದಲ್ಲಿ ಕುಳಿತು ಮಾಡುವ ಕೆಲಸವು ನಮ್ಮ ಕಣ್ಣಿಗೆ ಕೆಲಸವೆಂದು ತೋರದು. ಅದರ ಹಿಂದೆ ಕೊಟ್ಟ ಮಾತು ಒಂದಿದೆಯೆಂಬುದು ಮೊದಲೇ ತೋರದು. ರೋಗಿಯ ಬಳಿಯಲ್ಲಿ ದಿನಕ್ಕೆರಡು ಗಂಟೆ ಮತ್ತಾರಾದರೂ ಕುಳಿತುಕೊಳ್ಳಬಹುದೆ, ಒಂದು ತಿಂಗಳು ಹೆಚ್ಚಿಗೆ ಅವಧಿ ದೊರೆತರೆ ಸಾಕೆ, ಎಂದು ವಿಚಾರಿಸದೆ ಬಿಡುವ ಮಾತನ್ನಾಡುವುದು ಯುಕ್ತವಲ್ಲ. ವಿಚಾರಿಸಿದ ಮೇಲೂ ಆಗದೆಂದು ಕಂಡರೆ ಆಗ ಬಿಡತಕ್ಕದ್ದೇ ಸರಿ.

ಈ ವಿಷಯದಲ್ಲಿ ನಾವು ದೂರ ಹೋಗಬೇಕಾದುದಿಲ್ಲ. ನಮಗೆ ಸಮೀಪದಲ್ಲಿಯೇ ಇರುವ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದು, ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ವಕೀಲರು ಆ ಗ್ರಂಥವನ್ನು ಆಸ್ತಿಯ ಪಾಲಿಗಾಗಿ ಮಾತ್ರ ಬಲ್ಲರು. ಆದರೆ ಅದರಲ್ಲಿ ಕೂಲಿ ಸಂಬಳಗಳ ವ್ಯಾಜ್ಯಕ್ಕೆ ಪ್ರತ್ಯೇಕವಾದ ಪ್ರಕರಣವೇ ಇದೆ. ಹೊರೆಯನ್ನು ಸಾಗಿಸಲು ಒಪ್ಪಿದವನು ಹೊರಟ ಕೂಡಲೇ ಬಿಟ್ಟರೆ ಕೂಲಿಯ ಏಳನೆಯ ಒಂದು ಪಾಲು, ಕೆಲವು ದೂರ ನಡೆದು ಬಿಟ್ಟರೆ ನಾಲ್ಕನೆಯ ಒಂದು ಪಾಲು, ಅರ್ಧ ದಾರಿಯಲ್ಲಿ ಬಿಟ್ಟರೆ ಪೂರ್ತಿ ಕೂಲಿಯನ್ನೇ ತೆರಬೇಕೆಂದು ಅಲ್ಲಿಯ ವಿಧಿ. ಮೇಲ್ನೋಟಕ್ಕೆ ಇದು ವಿಚಿತ್ರವಾಗಿ ಕಾಣುತ್ತದೆ. ಹೆಚ್ಚು ದೂರ ಹೊತ್ತವನಿಗೆ ಹೆಚ್ಚು ದಂಡವೇಕೆ? ಊರ ಬಾಗಿಲಲ್ಲಿ ಬಿಟ್ಟರೆ ಬೇರೊಬ್ಬ ಹಮಾಲನು ಸಿಕ್ಕುತ್ತಾನೆ. ನಡುಕಾಡಿನಲ್ಲಿ ಬಿಟ್ಟರೆ ಯಜಮಾನನೂ ಹೊರೆಯೂ ಅಲ್ಲಿಯೇ ಉಳಿಯುವುವು. ದಂಡವು ಬಿಟ್ಟುದಕ್ಕಿಂತ ಹೆಚ್ಚಾಗಿ, ತಡವಾಗಿ ಬಿಟ್ಟುದಕ್ಕೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಇನ್ನು ರೋಗದ ಮಾತು. ಕೊಬ್ಬಿನಿಂದ ಕೆಲಸ ಬಿಟ್ಟವನನ್ನೂ ಕಾಯಿಲೆಯಿಂದ ಬಿಟ್ಟವನನ್ನೂ ಮನುಸ್ಮೃತಿಯು ಬೇರೆಬೇರೆಯಾಗಿ ನೋಡುತ್ತದೆ. ರೋಗಿಯು ಗುಣವಾದ ಮೇಲೆ ಒಪ್ಪಿದ ಕೆಲಸವನ್ನು ಮುಗಿಸಿದರೆ ಎಷ್ಟು ಕಾಲವಾದರೂ ಅವನ ವೇತನವು ಅವನಿಗೆ ಸಲ್ಲತಕ್ಕದ್ದು. ಮುಂದಿನ ಶ್ಲೋಕವು ಕಠಿನವಾಗಿದೆ: ರೋಗಿಯಾಗಲಿ ಆರೋಗ್ಯವಂತನಾಗಲಿ, ಕೆಲಸವನ್ನು ‘ಮಾಡಿಸದಿದ್ದರೆ’ ವೇತನವಿಲ್ಲ. ಇಲ್ಲಿಯ ಕ್ರಿಯಾಪದವು ಪ್ರೇರಣಾರ್ಥಕವೆಂಬುದನ್ನು ವಾಚಕರು ಗಮನಿಸಬೇಕು. ‘ಮಾಡದಿದ್ದರೆ’ ಎಂದಲ್ಲ, ‘ಮಾಡಿಸದಿದ್ದರೆ’ ಎಂದು. ನಿನ್ನಿಂದಾಗದಿದ್ದರೆ ಬೇರೊಬ್ಬನನ್ನು ಹುಡುಕಿಕೊಡು ಎಂಬ ಸೂಚನೆಯು ಆ ಒಂದು ರೂಪದಲ್ಲಿ ಅಡಗಿದೆ.

ಈಗ ನಮ್ಮ ವ್ಯವಹಾರಗಳನ್ನು ಆಳುವುದು 1872ರ ಭಾರತೀಯ ಕರಾರು ಕಾಯಿದೆ. ಮುಂಗಡ ಪಡೆದು ಆರು ತಿಂಗಳು ನಾಟಕದಲ್ಲಿ ಅಭಿನಯಿಸಲೊಪ್ಪಿದ ನಟನು ಕಾಯಿಲೆಯಿಂದ ಕೆಲವು ಸಲ ರಂಗಕ್ಕೆ ಬಾರದಿದ್ದರೆ, ಆಯಾ ದಿನದ ಮಟ್ಟಿಗೆ ಕರಾರು ಬಿದ್ದುಹೋಯಿತೆಂದು ಅದರ 56ನೆಯ ಕಲಮಿನ ಉದಾಹರಣೆಯೊಂದು ಹೇಳುತ್ತದೆ. ಆದರೆ ಎಚ್ಚರಿಕೆ! ಅಲ್ಲಿ ರೋಗಿಯಾದವನು ನಟನೇ ಹೊರತು ಅವನ ಅತ್ತೆಯಲ್ಲ. ಮನೆಯವರ ಕಾಯಿಲೆ, ಮಕ್ಕಳ ಪರೀಕ್ಷೆ, ಊರು ಬದಲಾಯಿಸುವುದು, ಇವು ಕೆಲಸವನ್ನು ಕಷ್ಟವಾಗಿ ಮಾಡುವುವೇ ಹೊರತು ಅಸಾಧ್ಯವಾಗಿ ಮಾಡುವುದಿಲ್ಲವೆಂದು ನ್ಯಾಯಾಲಯವು ಸಾಮಾನ್ಯವಾಗಿ ಹೇಳೀತು. ಹಾಗಾದರೆ ದಾರಿ ಯಾವುದು? ಅದೇ ಕಾಯಿದೆಯ 63ನೆಯ ಕಲಮು: ಮಾತು ಪಡೆದವನು ಇಚ್ಛಿಸಿದರೆ ಅದನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಬಿಟ್ಟುಕೊಡಬಹುದು, ಅವಧಿಯನ್ನೂ ಹೆಚ್ಚಿಸಬಹುದು. ಆದುದರಿಂದ “ನಾನು ಬಿಟ್ಟಿದ್ದೇನೆ” ಎಂದು ಬರೆಯುವುದು ಸರಿಯಲ್ಲ. “ನನ್ನನ್ನು ಬಿಡುಗಡೆ ಮಾಡಬೇಕು” ಎಂದು ಬರೆಯತಕ್ಕದ್ದು. ಇಬ್ಬರು ಸೇರಿ ಹಾಕಿದ ಗಂಟನ್ನು ಇಬ್ಬರೂ ಸೇರಿಯೇ ಬಿಚ್ಚಬೇಕು. ಅವರ ಒಪ್ಪಿಗೆಯು ಬರವಣಿಗೆಯಲ್ಲಿ ಬರುವವರೆಗೆ ಬಿಡುಗಡೆಯಾಯಿತೆಂದು ತಿಳಿಯಬಾರದು.

ಬರೆಯುವುದೆಂದು? ಇಂದೇ. ಸ್ವಂತ ಕಾಯಿಲೆಯ ನೆಪವುಳ್ಳವರು ಕೂಡ ಇಲ್ಲಿ ತಪ್ಪಿಸಿಕೊಳ್ಳಲಾರರು. 1871ರ ಜನವರಿಯಲ್ಲಿ ಇಂಗ್ಲೆಂಡಿನ ಬ್ರಿಗ್ ಎಂಬ ಊರಿನಲ್ಲಿ ಪ್ರಸಿದ್ಧ ಪಿಯಾನೋ ವಾದಕಿಯೊಬ್ಬಳ ಕಚೇರಿಯು ಗೊತ್ತಾಗಿತ್ತು. ಆಕೆಗೆ ಕಾಯಿಲೆಯಾಗಿ ಬರಲಾಗಲಿಲ್ಲ. ಕಚೇರಿಯನ್ನೇರ್ಪಡಿಸಿದವನು ವ್ಯಾಜ್ಯ ಹೂಡಿದನು. ಕಾಯಿಲೆಯಾದವಳು ನುಡಿಸಬೇಕಾದುದಿಲ್ಲವೆಂದು ನ್ಯಾಯಾಲಯವು ಆಕೆಯ ಪಕ್ಷವಾಗಿಯೇ ತೀರ್ಮಾನಿಸಿತು. ಆದರೂ ಸುದ್ದಿಯನ್ನು ತಂತಿಯ ಮೂಲಕ ಕಳುಹಿಸದೆ ಕಾಗದದಲ್ಲಿ ಬರೆದುದರಿಂದ ಆದ ಖರ್ಚೆಂದು 2 ಪೌಂಡುಗಳಿಗೆ ಮಿಕ್ಕಿದ ಹಣವು ಅವನಿಗೆ ದೊರೆಯಿತು. ಕಾಯಿಲೆಗೆ ಕ್ಷಮೆಯಿತ್ತು, ತಡಕ್ಕೆ ಇರಲಿಲ್ಲ.

ಪತ್ರವು ಚಿಕ್ಕದಾಗಿರಲಿ. ಕಾರಣವು ನಿಜವಾಗಿರಲಿ, ಆದರೆ ವಿಸ್ತಾರವಾಗಿರಬೇಕಾದುದಿಲ್ಲ. “ಮನೆಯಲ್ಲಿ ಹಿರಿಯರಿಗೆ ಎಲುಬು ಮುರಿದಿದೆ, ಶುಶ್ರೂಷೆ ನನ್ನ ಮೇಲಿದೆ” ಎಂದರೆ ಸಾಕು. ಡಾಕ್ಟರ ಕಾಗದಗಳ ನಕಲು ಬೇಡ. ನೆಪಗಳನ್ನಂತೂ ಕಟ್ಟಲೇಬಾರದು. ಒಂದೇ ಅಜ್ಜಿಯು ವರ್ಷಕ್ಕೆರಡು ಸಲ ತೀರಿಕೊಂಡ ರಜಾಚೀಟಿಗಳನ್ನು ನಾನು ಶಾಲೆಯಲ್ಲಿ ಬೇಕಾದಷ್ಟು ಓದಿದ್ದೇನೆ. ಬರೆದ ಹುಡುಗರ ನಿಜವಾದ ಜ್ವರವನ್ನೂ ಆಮೇಲೆ ಯಾರೂ ನಂಬುತ್ತಿರಲಿಲ್ಲ. ಎಷ್ಟು ಕೆಲಸ ಮುಗಿದಿದೆ, ಎಷ್ಟು ಉಳಿದಿದೆ, ಯಾವ ದಿನಾಂಕದವರೆಗೆ ನಿಮ್ಮಿಂದಾದೀತು, ಇವು ಮೂರೂ ಪತ್ರದಲ್ಲಿರಬೇಕು. ಕೆಲಸಬಲ್ಲ ಬೇರೊಬ್ಬರು ಗೊತ್ತಿದ್ದರೆ ಅವರನ್ನು ಕೇಳಿಕೊಂಡು ಹೆಸರನ್ನು ಸೂಚಿಸಬಹುದು. ಆದರೆ ಪ್ರಕಾಶಕರಿಗೆ ತಿಳಿಸದೆ ನೆರೆಮನೆಯ ಹುಡುಗಿಯಿಂದ ಬರೆಯಿಸಿ ತಮ್ಮ ಹೆಸರಿನಲ್ಲಿ ಕಳುಹಿಸುವುದು ಸಲ್ಲದು. ಒಬ್ಬರ ಕೈಚಳಕವನ್ನು ನಂಬಿ ಕೊಟ್ಟ ಕೆಲಸವನ್ನು ಅವರೇ ಮಾಡಬೇಕೆಂಬುದು 40ನೆಯ ಕಲಮಿನ ವಿಧಿ; ಮನುವಿನ ‘ಮಾಡಿಸು’ ಎಂಬುದಕ್ಕೆ ಈಗ ಇಷ್ಟು ಮಿತಿಯುಂಟು.

ಯಾಜ್ಞವಲ್ಕ್ಯನು ಇನ್ನೊಂದು ಮಾತನ್ನು ಒಂದೇ ಪಾದದಲ್ಲಿ ಹೇಳಿ ಮುಗಿಸುತ್ತಾನೆ: ಕೆಲಸಗಾರರು ಉಪಸ್ಕರವನ್ನು, ಎಂದರೆ ಯಜಮಾನನ ಉಪಕರಣಗಳನ್ನು, ಕಾಪಾಡಬೇಕು. ಅಂದು ನೇಗಿಲು ನೊಗಗಳು; ಇಂದು ಮೂಲಪುಸ್ತಕ, ಪಾರಿಭಾಷಿಕ ಪದಗಳ ಪಟ್ಟಿ, ಕಂಪ್ಯೂಟರಿನಲ್ಲಿರುವ ಕಡತಗಳು, ಅವುಗಳ ಗುಪ್ತಪದಗಳು. ಇವನ್ನೆಲ್ಲ ಕ್ರಮವಾಗಿ ಒಪ್ಪಿಸಬೇಕು. ಕೊನೆಯ ಅಧ್ಯಾಯವು ಅರ್ಧವಾಗಿದ್ದರೆ ಅರ್ಧವೆಂದೇ ಗುರುತು ಹಾಕಿ ಕೊಡಬೇಕು. ಮುಂದೆ ಬರುವವನು ಅದೇ ಶಬ್ದಕ್ಕೆ ಬೇರೆ ಕನ್ನಡವನ್ನು ಹುಡುಕುತ್ತ ಕುಳಿತುಕೊಳ್ಳದಂತೆ ಮಾಡುವುದು ಒಂದು ಸಂಜೆಯ ಕೆಲಸವಷ್ಟೆ.

ಮುಂಗಡದ ವಿಷಯಕ್ಕೆ ಬರೋಣ. ವೇತನ ಪಡೆದು ಬಿಟ್ಟವನು ಇಮ್ಮಡಿ ತೆರಬೇಕೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಈ ಒಂದನ್ನು ನಾನು ಒಪ್ಪಲಾರೆ. ಹಾಗೆ ವಿಧಿಸುವವರ ಕೈಯಲ್ಲಿ ಮುಂಗಡವು ಮೂಗುದಾರವಾಗುತ್ತದೆ. ಬ್ರಿಟಿಷರ 1859ರ ಕಾನೂನಿನಲ್ಲಿ ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಗಾರನಿಗೆ ಸೆರೆಮನೆಯೇ ಕಾದಿತ್ತು. ಅದನ್ನು ರದ್ದುಮಾಡುವ ಕಾನೂನು 1925ರಲ್ಲಿ ಬಂದಿತು. ಗಡಿಯಾಚೆಯ ಮರಾಠವಾಡದಲ್ಲಿ ಗಂಡಹೆಂಡಿರನ್ನು ಒಂದು ‘ಕೊಯ್ತಾ’ ಎಂದೆಣಿಸಿ, ಮುಕಾದಮನು ಮುಂಗಡ ಕೊಟ್ಟು ಕಬ್ಬು ಕಡಿಯುವುದಕ್ಕೆ ಕರೆದೊಯ್ಯುವ ಪದ್ಧತಿಯನ್ನು ನಮ್ಮ ಸೀಮೆಯವರು ಬಲ್ಲರು. ಮುಂಗಡದ ಋಣಕ್ಕಾಗಿ ಮನುಷ್ಯನನ್ನು ದುಡಿಮೆಗೆ ಕಟ್ಟಿಹಾಕುವುದು 1976ರ ಜೀತ ನಿರ್ಮೂಲನ ಕಾಯಿದೆಯಂತೆ ಅಪರಾಧ. ಕರಾರಿನಲ್ಲಿ ದೊಡ್ಡ ದಂಡವನ್ನು ಬರೆದಿದ್ದರೂ ನ್ಯಾಯಾಲಯವು ಅದರ ಮಿತಿಯೊಳಗೆ ಯುಕ್ತವಾದಷ್ಟನ್ನೇ ಕೊಡಿಸುತ್ತದೆಂದು 74ನೆಯ ಕಲಮು ಹೇಳುತ್ತದೆ. ಆದುದರಿಂದ ಅಂಜಿ ಅವಿತುಕೊಳ್ಳಬೇಕಾದುದಿಲ್ಲ. ಮಾಡಿದ ಕೆಲಸಕ್ಕೆ ಮೀರಿದ ಹಣವಿದ್ದರೆ ಹಿಂದಿರುಗಿಸಬೇಕು. ಖರ್ಚಾಗಿದ್ದರೆ ಕಂತುಗಳನ್ನು ತಾವೇ ಮುಂದಾಗಿ ಹೇಳಬೇಕು.

ನನ್ನ ವಿದ್ಯಾರ್ಥಿನಿಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆವು. ಮೂರರಲ್ಲೊಂದು ಪಾಲೆಂದರೆ ಹನ್ನೆರಡರಲ್ಲಿ ನಾಲ್ಕು ಅಧ್ಯಾಯ. ಮುಗಿದಿರುವುದು ಐದು. ಸಾಲಗಾರಳೆಂದು ನಿದ್ದೆಗೆಟ್ಟವಳಿಗೆ ಒಂದು ಅಧ್ಯಾಯದ ಹಣವು ಬರತಕ್ಕದ್ದಾಗಿತ್ತು! ಮಾಡಿದಷ್ಟಕ್ಕೆ ಕೂಲಿಯೆಂಬ ಮಾತು ಯಾಜ್ಞವಲ್ಕ್ಯನಲ್ಲಿಯೂ ಇದೆ. ಆದರೆ ತಡವಾದುದರಿಂದ ಪ್ರಕಾಶಕರಿಗೂ ನಷ್ಟವುಂಟಷ್ಟೆ. ಆ ಒಂದು ಅಧ್ಯಾಯದ ಹಣದ ವಿಷಯದಲ್ಲಿ ಹಟ ಹಿಡಿಯಬೇಡವೆಂದು ಹೇಳಿದೆನು.

ಕೆಲಸ ಕೊಡುವವರಿಗೂ ಒಂದು ಮಾತಿದೆ. ನಡುದಾರಿಯಲ್ಲಿ ಹೊರೆಯನ್ನು ಬಿಡಿಸುವ ಯಜಮಾನನೂ ಅದೇ ಪ್ರಮಾಣದಲ್ಲಿ ತೆರಬೇಕೆಂದು ಸ್ಮೃತಿಯು ವಿಧಿಸಿದೆ. ಬಿಡುಗಡೆ ಕೇಳಿದವರ ಹಣವನ್ನು ತಡೆದಿಡುವವರು, ಪತ್ರಕ್ಕೆ ಉತ್ತರವನ್ನೇ ಕೊಡದವರು, ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ಪುಸ್ತಕವು ಅಚ್ಚಾಗುವಾಗ ಮೊದಲ ಐದು ಅಧ್ಯಾಯಗಳನ್ನು ಕನ್ನಡಿಸಿದವರ ಹೆಸರೂ ಅದರಲ್ಲಿರಬೇಕು. ಪ್ರಕಾಶಕರಿಗೆ ಇದು ತಾನಾಗಿ ನೆನಪಾಗುವುದು ಕಡಮೆ. ಬಿಡುಗಡೆಯ ಪತ್ರದಲ್ಲಿಯೇ ಕೇಳಿಕೊಂಡಿರಬೇಕು.