ಮರದ ನೆಲ, ಮುಂಗಡದ ಭಾರ

ಹೆಬ್ಬಾಳ, ಯಲಹಂಕಗಳ ಕಡೆ ಬಾಡಿಗೆಯ ಮನೆ ಅರಸುವವರಿಗೆ ಈಗ ಮರದ ನೆಲದ ಮನೆಗಳೂ ಕಾಣಸಿಗುತ್ತವೆ. ಹಳೆಯ ಬೆಂಗಳೂರಿನ ಕೆಂಪು ಗಾರೆಯ ನೆಲ ಒರೆಸಿದಷ್ಟೂ ಹೊಳೆಯುತ್ತಿತ್ತು. ಮರದ ಹಲಗೆಗಾದರೋ ನೀರೇ ಶತ್ರು. ನೀರು ನಿಂತರೆ ಉಬ್ಬುತ್ತದೆ, ಕುರ್ಚಿ ಎಳೆದರೆ ಗೀರು ಬೀಳುತ್ತದೆ. ಆ ಗೀರಿಗೆ ಬೆಲೆ ಕಟ್ಟುವವರು ಯಾರು? ಮನೆ ಬಿಡುವ ದಿನ ಮಾಲೀಕರೇ. ಹಣವೂ ಅವರ ಕೈಯಲ್ಲಿಯೇ ಇರುತ್ತದೆ.

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಈ ನಗರದ ಹಳೆಯ ರೂಢಿ. 1999ರ ಕರ್ನಾಟಕ ಬಾಡಿಗೆ ಕಾಯಿದೆಯು ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಉತ್ತರ ಬೆಂಗಳೂರಿನಲ್ಲಿ ಆ ಮಿತಿಯೊಳಗೆ ನಿಲ್ಲುವ ಮನೆಗಳು ಎಷ್ಟಿದ್ದಾವು? ಕೇಂದ್ರದ 2021ರ ಮಾದರಿ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಠೇವಣಿಯ ಮಿತಿ ಹಾಕಿತು. ಆದರೆ ಮಾದರಿಯೆಂಬುದು ಸಲಹೆ ಮಾತ್ರ. ರಾಜ್ಯವು ಶಾಸನ ಮಾಡಿದಾಗಲೇ ಅದಕ್ಕೆ ಬಲ.

ಮಾಲೀಕರ ಆತಂಕವೂ ಸುಳ್ಳಲ್ಲ. ಕೆಟ್ಟ ಹಲಗೆಯನ್ನು ಬದಲಿಸುವುದು ದುಬಾರಿಯ ಕೆಲಸ. ಆದುದರಿಂದ ಮನೆ ಹೊಗುವ ದಿನವೇ ಇಬ್ಬರೂ ನೆಲವನ್ನು ನೋಡಿ, ಅದರ ಸ್ಥಿತಿಯನ್ನು ಕರಾರಿನಲ್ಲಿ ಬರೆದುಕೊಳ್ಳುವುದು ಲೇಸು. ಕೆಡಿಸಿದ್ದಕ್ಕೆ ದಂಡ ತೆರಬೇಕು, ನಿಜ. ಸಹಜ ಸವೆತವಾದರೋ ಮನುಷ್ಯರು ಬಾಳಿದ ಗುರುತು. ಬಾಡಿಗೆ ತೆತ್ತದ್ದೇ ಅದಕ್ಕಾಗಿ.